ಟಾಂಗಾವಾಲಾ ಗಣಪುವನ್ನು ನಾನು ಕೊಂದದ್ದು

ಓದಿ ಹೇಳುವುದು ಅಂಥ ದೊಡ್ಡ ಕೆಲಸವೆಂದು ನನಗೆ ಯಾವತ್ತೂ ಅನಿಸಿರಲಿಲ್ಲ. ಶಿಗ್ಗಾಂವಿಯ ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದ ನನಗೆ ಹೊಟ್ಟೆಪಾಡೇ ಅದು. ತಪಾಸಣೆಗೆ ಬಂದ ಸಾಹೇಬರೊಬ್ಬರು ‘ಧ್ವನಿ ಗಂಟೆ ಬಾರಿಸಿದಂತಿದೆ’ ಎಂದು ಹೇಳಿ ಹೋದ ಮೇಲಂತೂ ನಾನು ಊಟಕ್ಕೆ ಕುಳಿತು ಉಪ್ಪು ಕೇಳುವಾಗಲೂ ಪಾಠ ಓದುವ ಧಾಟಿಯಲ್ಲೇ ಕೇಳುತ್ತಿದ್ದೆ. ಆದ್ದರಿಂದ ಹಾನಗಲ್ಲಿನ ನನ್ನ ಮಾವನವರು ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮ ಮನೆಯ ಪಡಸಾಲೆಯಲ್ಲಿ ಮಲಗಿದಾಗ, ಅವರಿಗೆ ಪುಸ್ತಕ ಓದಿ ಹೇಳುವ ಹೊಣೆಯನ್ನು ಯಾರೂ ಕೇಳುವ ಮೊದಲೇ ನಾನು ಹೊತ್ತುಕೊಂಡೆ.

ಆಗ ದೊಡ್ಡ ಯುದ್ಧದ ಕಾಲ. ಬೇಸಿಗೆ ರಜೆಯಲ್ಲಿ ನಮ್ಮ ಶಾಲೆಯಲ್ಲೇ ಕಣ್ಣಿನ ಡಾಕ್ಟರೊಬ್ಬರು ಬೀಡುಬಿಟ್ಟಿದ್ದರು. ಮಾವನವರಿಗೆ ಒಂದು ಕಣ್ಣು ಎಂದೋ ಹೋಗಿತ್ತು; ಪೊರೆ ತೆಗೆದದ್ದು ಉಳಿದ ಒಂದೇ ಕಣ್ಣಿನದು. ಎರಡಕ್ಕೂ ಪಟ್ಟಿ ಕಟ್ಟಿ, ತಲೆಯ ಆಚೆ ಈಚೆ ಮರಳಿನ ಚೀಲ ಇಟ್ಟು, ಡಾಕ್ಟರು ತಾಕೀತು ಮಾಡಿದ್ದರು. ತಲೆ ಅಲುಗಬಾರದು. ಕೆಮ್ಮಬಾರದು, ಸೀನಬಾರದು, ನಗಬಾರದು. ಅದರಲ್ಲೂ ಅಳಲೇಬಾರದು. ಅತ್ತರೆ ಗಾಯ ಬಿಚ್ಚುತ್ತದೆ, ಗಾಯ ಬಿಚ್ಚಿದರೆ ಕಣ್ಣು ಹೋಗುತ್ತದೆ. ಇಷ್ಟೆಲ್ಲ ಕೇಳಿಯೂ ಮಾವನವರು ಬೇಡಿದ್ದು ಒಂದೇ: ಆ ತಿಂಗಳ ಪತ್ತೇದಾರಿ ಕಾದಂಬರಿ.

ತಿಂಗಳಿಗೊಂದರಂತೆ ಬರುತ್ತಿದ್ದ ಆ ಮಾಲೆಯನ್ನು ಅವರು ಮೊದಲಿನಿಂದಲೂ ಬಿಡದೆ ಓದಿದವರು. ಅದರ ಕಥೆಯನ್ನು ನಾನು ಪುಸ್ತಕ ತೆರೆಯದೆಯೇ ಹೇಳಬಲ್ಲವನಾಗಿದ್ದೆ. ಮೊದಲ ಅಧ್ಯಾಯದಲ್ಲಿ ಯಾರಾದರೂ ಶ್ರೀಮಂತರು ಸಾಯಬೇಕು. ಎರಡನೆಯದರಲ್ಲಿ ಪತ್ತೇದಾರ ವಾಮನರಾಯರು ಮುಂಬಯಿಯ ತಮ್ಮ ಮನೆಯಲ್ಲಿ ಚಹಾ ಕುಡಿಯುತ್ತಿರಬೇಕು. ಚಹಾ ಆರುವುದರೊಳಗೆ ಒಬ್ಬ ಹೆಣ್ಣುಮಗಳು ಅಳುತ್ತ ಬರಬೇಕು. ನಡುವೆ ವಾಮನರಾಯರ ತಲೆಗೆ ಹಿಂದಿನಿಂದ ಪೆಟ್ಟು ಬಿದ್ದು, ಅವರಿಗೆ ನೆಲಮಾಳಿಗೆಯಲ್ಲಿ ಎಚ್ಚರವಾಗಬೇಕು. ನಂಬಿಗಸ್ತ ಟಾಂಗಾವಾಲಾ ಗಣಪು ಬಂದು ಬಿಡಿಸಬೇಕು. ಕೊನೆಗೆ ಎಲ್ಲರಿಗಿಂತ ಹೆಚ್ಚು ದುಃಖಪಟ್ಟವನೇ ಕೊಲೆಗಾರನಾಗಬೇಕು. ಯುದ್ಧದಿಂದ ಕಾಗದ ಸಿಗದೆ ಪುಸ್ತಕ ತೆಳ್ಳಗಾಗಿತ್ತು, ನೆಲಮಾಳಿಗೆ ಮಾತ್ರ ಒಂದಿಂಚೂ ಕಿರಿದಾಗಿರಲಿಲ್ಲ.

“ಮಾವಾರ, ಎಲ್ಲಾ ಪುಸ್ತಕದಾಗೂ ಅದ ಕಥಿ ಐತಲ್ರಿ. ಮತ್ತ ಮತ್ತ ಯಾಕ ಕೇಳ್ತೀರಿ?” ಎಂದೆ.

“ಅಳಿಯಂದ್ರ, ನೀವು ದಿನಾ ರೊಟ್ಟಿ ತಿಂತೀರಿ. ನಿನ್ನೆ ಮಾಡಿದ್ದನ್ನ ಇವತ್ತೂ ಯಾಕ ಮಾಡ್ದಿ ಅಂತ ನಮ್ಮ ಗಂಗಾನ್ನ ಕೇಳೀರೇನು?”

ಗಂಗಾ ಎಂದರೆ ಅವರ ಮಗಳು, ನನ್ನ ಹೆಂಡತಿ. ಅವಳನ್ನು ಹಾಗೆ ಕೇಳುವ ಧೈರ್ಯ ನನಗಿರಲಿಲ್ಲ. ಸುಮ್ಮನೆ ಓದತೊಡಗಿದೆ.

ನನ್ನ ಇನ್ನೊಬ್ಬ ಶ್ರೋತೃ ಪಕ್ಕದ ಮನೆಯ ಹುಸೇನ್‌ಸಾಬರು. ಸವಣೂರಿನಿಂದ ವೀಳ್ಯದೆಲೆ ತರಿಸಿ ಮಾರುವ ಇವರಿಗೆ ಉರ್ದು ಓದಲು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಹೀಗಾಗಿ ಅಂಗಡಿ ಮುಚ್ಚಿ ಬಂದು, ಬಾಗಿಲ ಬಳಿ ಕುಳಿತು, ಎಲೆಗೆ ಸುಣ್ಣ ಹಚ್ಚುತ್ತ ಕೇಳುತ್ತಿದ್ದರು. ಮೂರ್ನಾಲ್ಕು ಅಧ್ಯಾಯ ಮುಗಿಯುವಷ್ಟರಲ್ಲಿ ನನಗೆ ಸಾಕಾಗಿ ಹೋಯಿತು. ನೆಲಮಾಳಿಗೆಯ ಅಧ್ಯಾಯ ಬಂದಾಗ ಮೆಲ್ಲಗೆ ಎರಡೆರಡು ಹಾಳೆ ಒಟ್ಟಿಗೆ ಮಗುಚಿ ಮುಂದೆ ಹೋದೆ.

“ಮಾಸ್ತರ್ರ,” ಎಂದರು ಹುಸೇನ್‌ಸಾಬರು, “ತಲಿಗೆ ಪೆಟ್ಟು ಬಿತ್ತು ಅಂದ್ರಿ. ನೆಲಮಾಳಗಿ ಬರಲಿಲ್ಲಲ್ಲ?”

“ಈ ಸಲ ನೆಲಮಾಳಗಿ ಇಲ್ರಿ.”

“ಹಂಗಾದ್ರ ಪೆಟ್ಟು ಯಾಕ ತಿಂದ್ರು?” ಎಂದರು ಮಾವನವರು ಪಟ್ಟಿಯ ಒಳಗಿನಿಂದ. “ಹಾಳಿ ಹಿಂದ ತಿರುವ್ರಿ.”

ತಿರುವಿದೆ. ಆದರೆ ನನ್ನ ಅಭಿಮಾನಕ್ಕೆ ಪೆಟ್ಟು ಬಿದ್ದಿತ್ತು. ಈ ಕಾದಂಬರಿಕಾರನಿಗೆ ಹೊಸತು ಹೊಳೆಯುವುದಿಲ್ಲವಾದರೆ ನನಗೆ ಹೊಳೆಯುತ್ತದೆ, ಕನ್ನಡ ಸಾಹಿತ್ಯವನ್ನು ಉದ್ಧರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಾರದು ಎಂದು ನಿಶ್ಚಯಿಸಿದೆ. ಮರುದಿನ ಪುಸ್ತಕವನ್ನು ಮುಖದ ಮುಂದೆ ಹಿಡಿದು, ಅದರಲ್ಲಿ ಇಲ್ಲದ್ದನ್ನು ಓದತೊಡಗಿದೆ. ಗಣಪು ನೆಲಮಾಳಿಗೆಯ ಮೆಟ್ಟಿಲು ಇಳಿದನು. ಕತ್ತಲೆಯಿಂದ ಪಿಸ್ತೂಲು ಹಾರಿತು. ಗುಂಡು ನೇರವಾಗಿ ಎದೆಗೆ ಬಿತ್ತು, ಅಂಗಿಯೆಲ್ಲ ಕೆಂಪಾಯಿತು. ಗಂಟೆಯಂಥ ಧ್ವನಿಯನ್ನು ಆದಷ್ಟು ತಗ್ಗಿಸಿ, “ಸಾಹೇಬರೇ, ನನ್ನ ಕುದುರೆಗೆ ನೀರು ಕುಡಿಸಿರಿ ಎಂದು ಹೇಳಿ ಗಣಪು ವಾಮನರಾಯರ ತೊಡೆಯ ಮೇಲೆ ಪ್ರಾಣ ಬಿಟ್ಟನು” ಎಂದು ಮುಗಿಸಿದೆ. ನನ್ನ ಕಲೆಗೆ ನಾನೇ ಬೆರಗಾದೆ.

ಶಹಬ್ಬಾಸ್ ಎಂದು ಯಾರಾದರೂ ಹೇಳುತ್ತಾರೆಂದು ಕಾದೆ. ಹುಸೇನ್‌ಸಾಬರು ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟು, ಸಾವಿನ ಸುದ್ದಿ ಕೇಳಿದಾಗ ತಮ್ಮವರು ಹೇಳುವ ಮಾತನ್ನು ಮೆಲ್ಲಗೆ ಹೇಳಿದರು. ರೊಟ್ಟಿ ಬಡಿಯುತ್ತಿದ್ದ ಸಪ್ಪಳ ಒಳಗೆ ನಿಂತಿತು. ಹಿಟ್ಟಿನ ಕೈಯಲ್ಲೇ ಗಂಗಾ ಹೊರಗೆ ಬಂದಳು.

“ಆ ಕುದರಿಗೆ ಇನ್ನ ಯಾರದಾರ?” ಎಂದರು ಮಾವನವರು. ಅವರ ಗದ್ದ ನಡುಗುತ್ತಿತ್ತು.

“ರೀ, ಅಪ್ಪನ ಪಟ್ಟಿ ತೊಯ್ಯಾಕತ್ತೈತಿ,” ಎಂದಳು ಗಂಗಾ.

ಸಾಹಿತ್ಯದ ಉದ್ಧಾರ ಹಾಗಿರಲಿ, ಮಾವನವರ ಇದ್ದೊಂದು ಕಣ್ಣನ್ನು ನಾನು ಕಳೆಯುತ್ತಿದ್ದೆ. “ತಡೀರಿ, ತಡೀರಿ, ಮುಂದ ಐತಿ,” ಎನ್ನುತ್ತ ಹಾಳೆಗಳನ್ನು ಸಿಕ್ಕಹಾಗೆ ಮಗುಚಿ, ಕೈಯಿಂದ ಜಾರಿದ ಪುಸ್ತಕವನ್ನು ಮತ್ತೆ ಹಿಡಿದುಕೊಂಡು ಓದಿದೆ: “ಅಷ್ಟರಲ್ಲಿ ಗಣಪು ಕಣ್ಣು ತೆರೆದನು.”

“ಪ್ರಾಣ ಬಿಟ್ಟಾವ?” ಎಂದರು ಮಾವನವರು.

“ಮೂರ್ಛೆ ಹೋಗಿದ್ನಂತ್ರಿ.”

“ಎದಿಗೆ ಗುಂಡು ಬಿದ್ದಿತ್ತಲ್ರಿ ಮಾಸ್ತರ್ರ,” ಎಂದರು ಹುಸೇನ್‌ಸಾಬರು. ಅವರಿಗೆ ಗಣಪು ಬದುಕಬೇಕೆಂದೇ ಆಸೆ, ಆದರೆ ಲೆಕ್ಕ ತಪ್ಪಬಾರದು.

ನಾನು ದಿಕ್ಕುಗಾಣದೆ ಸುತ್ತಲೂ ನೋಡಿದೆ. ಅವರ ಮುಂದೆ ಸುಣ್ಣದ ಡಬ್ಬಿ ಇತ್ತು. “ಗುಂಡು ಅವನ ಅಂಗಿಯ ಕಿಸೆಯಲ್ಲಿದ್ದ ಸುಣ್ಣದ ಡಬ್ಬಿಗೆ ಬಡಿದಿತ್ತು,” ಎಂದು ಓದಿದೆ.

“ಮತ್ತ ಅಂಗಿ ಕೆಂಪಾಗಿತ್ತಲ್ಲ?”

“ಅದು ಎಲೆ ಅಡಿಕೆಯ ಉಗುಳಾಗಿತ್ತು.”

ಹುಸೇನ್‌ಸಾಬರು ಸಮಾಧಾನದಿಂದ ತಮ್ಮ ಎಲೆಯನ್ನು ಎತ್ತಿಕೊಂಡರು. ಮಾವನವರ ಗದ್ದದ ನಡುಕ ನಿಂತಿತು. “ಹೂಂ, ಓದ್ರಿ,” ಎಂದರು. ಎಂಥ ಜಾಣ ನಾನು ಎಂದು ಅಂಥ ಗಾಬರಿಯಲ್ಲೂ ನನಗೆ ಒಂದು ಹೆಮ್ಮೆ ಮೂಡಿತು.

ಆ ಹೆಮ್ಮೆ ಅಡಿಗೆಮನೆಯವರೆಗೂ ಬಾಳಲಿಲ್ಲ. “ಪುಸ್ತಕಾ ತಲಿಕೆಳಗ ಹಿಡಿದಿದ್ರಿ,” ಎಂದಳು ಗಂಗಾ. “ಮ್ಯಾಲಿನ ಚಿತ್ರದಾಗ ವಾಮನರಾಯರು ಕಾಲು ಮ್ಯಾಲ ಮಾಡಿ ನಿಂತಿದ್ರು. ಪಟ್ಟಿ ಕಟ್ಟಿದ್ದು ಅಪ್ಪಗ, ನನಗಲ್ಲ.”

ಸಂಜೆ ಡಾಕ್ಟರು ಬಂದರು. ಪಟ್ಟಿಯ ಅಂಚು ಮುಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು. ಈಗ ಬಿಚ್ಚಿದರೆ ಇನ್ನೂ ಕೆಡುತ್ತದೆ, ಬಿಚ್ಚುವ ದಿನವೇ ಏನೆಂದು ತಿಳಿಯುತ್ತದೆ ಎಂದು ಹೇಳಿ ಹೋದರು. ಹಿರೇಬೆಂಡಿಗೇರಿಯಲ್ಲಿದ್ದ ಮಾವನವರ ಬೀಗರೊಬ್ಬರ ಕಣ್ಣು ಹೀಗೇ ಪೊರೆ ತೆಗೆಸಿದ ಮೇಲೆ ಹೋಗಿತ್ತೆಂದು ನನಗೆ ಆಮೇಲೆ ಗೊತ್ತಾಯಿತು. ಮಾವನವರಿಗೆ ಮೊದಲಿನಿಂದಲೂ ಗೊತ್ತಿತ್ತು. ನಾನು ಈಗ ಇದ್ದದ್ದನ್ನು ಇದ್ದಂತೆ ಓದುತ್ತಿದ್ದೆ. ನೆಲಮಾಳಿಗೆ ಓದಿದೆ, ಅಚ್ಚಿನ ತಪ್ಪುಗಳನ್ನೂ ಓದಿದೆ, ಕೊನೆಯ ಹಾಳೆಯ ಕೇಶತೈಲದ ಜಾಹೀರಾತನ್ನೂ ಭಕ್ತಿಯಿಂದ ಓದಿದೆ.

ಒಂದು ಮಧ್ಯಾಹ್ನ ಮಾವನವರು ತಾವಾಗಿಯೇ ಹೇಳಿದರು. “ಅಳಿಯಂದ್ರ, ಕಣ್ಣು ಬರತೈತೋ ಇಲ್ಲೋ ನನಗ ಗೊತ್ತಿಲ್ಲ. ಡಾಕ್ಟರಗೂ ಗೊತ್ತಿಲ್ಲ. ಗಣಪು ಸಾಯಂಗಿಲ್ಲ ಅನ್ನೋದೊಂದು ಗೊತ್ತಿತ್ತು. ಅದನ್ನ ಗಟ್ಟಿ ಹಿಡಕೊಂಡು ಮಲಗಿದ್ದೆ.”

ಅಷ್ಟು ನಾಚಿಕೆ ನನಗೆ ಅದಕ್ಕೂ ಮೊದಲು ಆಗಿರಲಿಲ್ಲ.

ಪಟ್ಟಿ ಬಿಚ್ಚುವ ದಿನ ಬಂತು. ಕಿಟಕಿಗಳನ್ನು ಮುಚ್ಚಿ, ಒಂದೇ ಒಂದನ್ನು ಅರ್ಧ ತೆರೆದು, ಡಾಕ್ಟರು ಸುತ್ತು ಸುತ್ತಾಗಿ ಬಿಚ್ಚಿದರು. ಗಂಗಾ ಕಂಬ ಹಿಡಿದು ನಿಂತಿದ್ದಳು. ಹುಸೇನ್‌ಸಾಬರ ತುಟಿ ಅಲುಗುತ್ತಿತ್ತು. ಡಾಕ್ಟರು ಕೈ ಎತ್ತಿ, “ಎಷ್ಟು ಬೆರಳು?” ಎಂದರು.

ಮಾವನವರು ಬಹಳ ಹೊತ್ತು ನೋಡಿದರು. “ಎರಡು,” ಎಂದರು. “ನಿಮ್ಮ ಹಿಂದ ಮಸುಕ ಮಸುಕ ಒಬ್ಬರು ನಿಂತು ಮೂಗು ಏರಸಾಕತ್ತಾರ. ನಮ್ಮ ಅಳಿಯಂದ್ರ ಇರಬೇಕು.”

ದಪ್ಪ ಕನ್ನಡಕ ಬಂದ ಕೂಡಲೇ ಅವರು ಕೇಳಿದ್ದು ಅದೇ ಪುಸ್ತಕವನ್ನು. ಬೆರಳಿಟ್ಟು ಸಾಲು ಸಾಲಾಗಿ ಓದಿ ನೆಲಮಾಳಿಗೆಯ ಮೆಟ್ಟಿಲಿಗೆ ಬಂದರು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಎಲ್ಲವನ್ನೂ ಒಪ್ಪಿಕೊಂಡೆ. ಆದರೂ ಲೇಖಕನ ಆಸೆ ನೋಡಿ, “ಸುಣ್ಣದ ಡಬ್ಬಿ ಮಾತ್ರ ಚೊಲೋ ಬಂದಿತ್ತಲ್ರಿ?” ಎಂದು ಸೇರಿಸಿದೆ.

“ಚೊಲೋನ ಐತಿ. ಇದ ಮಾಲಿಯ ಹಳೇ ಪುಸ್ತಕದಾಗಿಂದು.”

“ನಾ ಅದನ್ನ ಓದೇ ಇಲ್ರಿ ಮಾವಾರ. ನಾನ ಹೊಸೆದದ್ದು.”

“ಇರಬಹುದು. ಆದ್ರ ಕಾದಂಬರಿ ಬರಿಯಾಂವ ಎಂದೋ ಬರದಾನ. ಡಬ್ಬಿ ಬಂದ ಕೂಡ್ಲೆ ಇದು ನಿಮ್ಮ ಕೈಚಳಕ ಅಂತ ತಿಳೀತು. ಹಂಗಂದ ಮ್ಯಾಲ ಗಣಪು ಸತ್ತದ್ದೂ ಸುಳ್ಳು. ಆವಾಗ ಜೀವ ತಣ್ಣಗಾತು.”

“ಎಲಿ ಅಡಕಿ ಉಗುಳು?”

“ಅದೂ ಅದರಾಗಿಂದ,” ಎಂದು ಅವರು ಕನ್ನಡಕ ಸರಿಮಾಡಿಕೊಂಡರು. “ನೆಲಮಾಳಗಿ ಪ್ರತಿ ಸಲಾನೂ ಬರತೈತ್ರಿ, ನಿಮ್ಮ ಮಾತು ಖರೆ. ಹೊರಗ ಬರೋ ದಾರಿ ಮಾತ್ರ ಅಂವ ಎರಡು ಸಲ ಒಂದ ಬರಿಯಂಗಿಲ್ಲ. ಅದಕ್ಕ ನಾ ಓದತೇನಿ.”

ಹೀಗೆ, ಹಳಸಲು ಕಥೆಯನ್ನು ಹೊಸದು ಮಾಡಲು ಹೊರಟ ನಾನು ನನ್ನ ಜನ್ಮದ ಮೊದಲ ಸಾಹಿತ್ಯಕೃತಿಯಲ್ಲೇ ಹಳಸಲನ್ನು ಬಡಿಸಿದ್ದೆ, ಅದೂ ಎಂದೂ ತನ್ನ ಉಪಾಯವನ್ನು ಎರಡು ಸಲ ಬಳಸದ ಲೇಖಕನನ್ನು ಬೈಯುತ್ತ.

ಮುಂದಿನ ತಿಂಗಳ ಪುಸ್ತಕ ಬಂದಾಗ ಮಾವನವರು ಅದನ್ನು ನನ್ನ ಕೈಗೆ ಕೊಡಲಿಲ್ಲ. ತಾವು ಮುಗಿಸಿದ ಮೇಲೆ ಕೊಡುತ್ತೇನೆ ಎಂದರು. ಅವರೋ ದಿನಕ್ಕೆ ಎರಡು ಹಾಳೆ ಓದುವವರು. ಆ ಸಲ ಗುಂಡು ಹಾರಿದ್ದು ನಿಜವಾಗಿ ಗಣಪುವಿನ ಮೇಲೆಯೇ ಎಂದು ಒಂದು ದಿನ ಅವರೇ ಹೇಳಿದರು. ನನಗೆ ತಡೆಯಲಾಗಲಿಲ್ಲ. ಮಧ್ಯಾಹ್ನ ಅವರು ಪುಸ್ತಕವನ್ನು ಎದೆಯ ಮೇಲೆ ಬೋರಲು ಹಾಕಿ ನಿದ್ದೆ ಹೋದಾಗ, ಸಪ್ಪಳವಾಗದಂತೆ ಬಂದು ಮೆಲ್ಲಗೆ ಎತ್ತಿದೆ.

ಮಾವನವರು ಕಣ್ಣು ತೆರೆಯಲಿಲ್ಲ. “ಅದಾನ್ರಿ ಗಣಪು,” ಎಂದರು. “ಹೆದರಬ್ಯಾಡ್ರಿ.”