ಕಮೋಡಿನ ಹಿಂದಿನ ನೀರು

ಹೊಸ ಕಮೋಡಿನ ಹಿಂದೆ, ಗೋಡೆಯೂ ನೆಲವೂ ಸೇರುವ ಮೂಲೆಯಲ್ಲಿ, ಮತ್ತೆ ಅಂಗೈಯಗಲ ನೀರು ನಿಂತಿತ್ತು. ಭಾನುವಾರ ಬೆಳಿಗ್ಗೆ ಅದನ್ನು ಕಂಡ ಪ್ರೂಫ್ ರೀಡರ್ ಮಂಡಿಯೂರಿ ಕೂತ, ಬೆರಳದ್ದಿದ, ಮೂಸಿ ನೋಡಿದ. ಶುದ್ಧವಾದ ನೀರು. ಅವನ ಅನುಮಾನ ಇನ್ನೂ ಹೆಚ್ಚಾಯಿತು.

ಅನುಮಾನವೇ ಅವನ ಹೊಟ್ಟೆಪಾಡು. ಮುದ್ರಣಾಲಯದಲ್ಲಿ ದಿನವಿಡೀ ಬಗ್ಗಿ ಕೂತು, ಕೊಂಬು ಮುರಿದ ಅಕ್ಷರ, ಒತ್ತು ಬಿಟ್ಟ ಪದಗಳನ್ನು ಹಿಡಿದು ಕೆಂಪು ಶಾಯಿಯಲ್ಲಿ ಕೊಕ್ಕೆ ಹಾಕುವುದು ಅವನ ಕೆಲಸ. ಚಾಳಿ ಮನೆಗೂ ಅಂಟಿಕೊಂಡು ಬಂದಿತ್ತು. ಹಾಲು ತೆಳ್ಳಗಿದ್ದರೆ ಹಾಲಿನವ ನೀರು ಬೆರೆಸಿದ್ದಾನೆ ಎನ್ನುವನು, ದಪ್ಪಗಿದ್ದರೆ ಇನ್ನೇನು ಬೆರೆಸಿದನೋ ಎನ್ನುವನು. ಓಣಿಯವರು ಅವನಿಗೆ ಕೊಕ್ಕೆರಾಯ ಎಂದು ಹೆಸರಿಟ್ಟಿದ್ದರು.

ಕಮೋಡು ಬಂದದ್ದು ಮಾವನವರ ದೆಸೆಯಿಂದ. ಮಂಡಿನೋವೆಂದು ಮಗಳ ಮನೆಗೆ ಬಂದ ನಿವೃತ್ತ ಬಸ್ ಕಂಡಕ್ಟರ್ ಕುಕ್ಕರಗಾಲಲ್ಲಿ ಕೂತರೆ ಏಳುವುದಕ್ಕೆ ಇಬ್ಬರು ಬೇಕಾಗುತ್ತಿತ್ತು. ಅಷ್ಟಾದರೂ ಹೊಸದನ್ನು ಕಂಡು ಅವರು ಮೂಗು ಮುರಿದಿದ್ದರು. “ಕುರ್ಚಿ ಮೇಲೆ ಕೂತು ಮಾಡೋದು ಆಫೀಸ್ ಕೆಲಸ, ಅಳಿಯಂದಿರೇ. ಇದಲ್ಲ,” ಎಂದಿದ್ದರು.

ಕೂಡಿಸಿದ ಮರುದಿನದಿಂದಲೇ ಸೋರಿಕೆ ಶುರುವಾಯಿತು. ಪ್ಲಂಬರ್ ಬಂದು ವಾಷರ್ ಬದಲಿಸಿದ. ಮತ್ತೆ ಬಂದು ಪೈಪು ಬಿಗಿಮಾಡಿದ. ಅವನು ಬಂದಾಗಲೆಲ್ಲ ನೆಲ ಒಣಗಿರುತ್ತಿತ್ತು, ಬೆನ್ನು ತಿರುಗಿಸಿದರೆ ನೀರು ಹಾಜರು. ಮತ್ತೆ ಮತ್ತೆ ಕರೆಸಿಕೊಳ್ಳಲೆಂದು ಇವನೇ ಏನೋ ಸಡಿಲ ಮಾಡಿ ಹೋಗುತ್ತಾನೆಂದು ಕೊಕ್ಕೆರಾಯ ಮೊದಲು ಅವನ ಮೇಲೆ ಕಣ್ಣಿಟ್ಟ. ಈ ಭಾನುವಾರ ಎದುರುಮನೆಯ ನಿವೃತ್ತ ದಫೇದಾರರು ಬಂದರು. ಕರೆಯದೆ ಬರುವ ಅಭ್ಯಾಸ ಪೊಲೀಸ್ ಕೆಲಸ ಬಿಟ್ಟ ಮೇಲೂ ಅವರನ್ನು ಬಿಟ್ಟಿರಲಿಲ್ಲ. ನೆಲ ನೋಡಿ, ಚಿಲಕ ಅಲ್ಲಾಡಿಸಿ, ದನಿ ತಗ್ಗಿಸಿ, ಇದು ಮನೆಯೊಳಗಿನವರ ಕೈವಾಡ ಎಂದು ಹೇಳಿ ಹೋದರು.

ಕೆಳಗಿನ ಮನೆಯ ಓನರಮ್ಮ ಬಂದದ್ದು ಅವರ ಹಿಂದೆಯೇ. ಚಾವಣಿಯಿಂದ ನೀರು ನೆಟ್ಟಗೆ ತಮ್ಮ ದಿಂಬಿನ ಮೇಲೇ ತೊಟ್ಟಿಕ್ಕುತ್ತಿದೆ, ಇವತ್ತು ಸಂಜೆಯೊಳಗೆ ನಿಲ್ಲದಿದ್ದರೆ ಆ ಪಿಂಗಾಣಿ ಸಿಂಹಾಸನವನ್ನು ಕಿತ್ತು ಹಾಕಿಸುತ್ತೇನೆ ಎಂದು ಗಡುವು ಕೊಟ್ಟು ಹೋದರು.

ಮನೆಯೊಳಗಿನವರು ಎಂದರೆ ಮೂವರೇ. ತನ್ನನ್ನು ತಾನು ಲೆಕ್ಕದಿಂದ ಬಿಟ್ಟ. ಹೆಂಡತಿ ಮೇಲೆ ಅನುಮಾನಪಡುವ ಧೈರ್ಯ ಸಾಲಲಿಲ್ಲ. ಉಳಿದವರು ಮಾವ. ಅವರಿಗೆ ಕಮೋಡು ಕಂಡರಾಗದು, ಒಳಗೆ ಹೋದರೆ ಚಿಲಕ ಭದ್ರವಾಗಿ ಹಾಕಿ ತುಂಬಾ ಹೊತ್ತು ಇರುತ್ತಾರೆ, ಹೊರಗೆ ಬರುವಾಗ ಕಳ್ಳಬೆಕ್ಕಿನ ಮುಖ.

ಕೊಕ್ಕೆರಾಯ ಗುಟ್ಟಾಗಿ ಒಂದು ಪರೀಕ್ಷೆ ಹೂಡಿದ. ಚೀಲದಿಂದ ಕೆಂಪು ಶಾಯಿಯ ಸೀಸೆ ತೆಗೆದು, ಫ್ಲಶ್ ಟ್ಯಾಂಕಿನ ಮುಚ್ಚಳ ಎತ್ತಿ, ಪೂರ್ತಿ ಸುರಿದ. ನೆಲದ ನೀರನ್ನೆಲ್ಲ ಒರೆಸಿದ. ಇನ್ನು ಕೆಂಪು ನೀರು ಸೋರಿದರೆ ತಪ್ಪು ಟ್ಯಾಂಕಿನದು, ಬರಿಯ ನೀರು ಬಂದರೆ ಮನುಷ್ಯರದು. ಖಾಲಿ ಸೀಸೆಯನ್ನು ಕಸದ ಗಾಡಿಗೆ ಹಾಕಿ, ಪೇಪರ್ ಹಿಡಿದು ಬಾಗಿಲ ಬಳಿಯೇ ಕೂತ.

ಮಾವ ಕುಂಟುತ್ತ ಒಳಗೆ ಹೋದರು. ಚಿಲಕ ಬಿತ್ತು. ಸ್ವಲ್ಪ ಹೊತ್ತಿಗೆ ನೀರು ಚೆಲ್ಲಿದ ಸದ್ದು. ಪೇಪರಿನ ಹಿಂದೆ ಕೊಕ್ಕೆರಾಯನ ಕಿವಿ ಮೊಲದ ಕಿವಿಯಾಯಿತು. ಆಮೇಲೆ ಫ್ಲಶ್. ಸ್ವಲ್ಪ ಮೌನ. ಮತ್ತೆ ಫ್ಲಶ್. ಟ್ಯಾಂಕು ತುಂಬುವಷ್ಟು ಪುರುಸೊತ್ತು ಕೊಟ್ಟು ಮತ್ತೊಂದು. ಕೊನೆಗೆ ಬಾಗಿಲು ತೆರೆದಾಗ ಮಾವನವರ ಮುಖ ಸುಣ್ಣ ಬಳಿದ ಗೋಡೆಯಂತಿತ್ತು. ಗೋಡೆ ಹಿಡಿದುಕೊಂಡು ಕೋಣೆ ಸೇರಿದರು.

ಕೊಕ್ಕೆರಾಯ ಒಳಗೆ ನುಗ್ಗಿದ. ಕಮೋಡಿನ ಹಿಂದೆ ನೀರಿತ್ತು, ಕನ್ನಡಿಯಷ್ಟು ತಿಳಿಯಾಗಿ. ಸಿಕ್ಕಿಬಿದ್ದರು ಎಂದುಕೊಂಡು, ಹೇಳಬೇಕಾದ ಮಾತನ್ನು ಬಾಯಲ್ಲೇ ಜೋಡಿಸಿಕೊಳ್ಳುತ್ತ ಕೋಣೆಗೆ ಹೋದರೆ ಅಲ್ಲಿ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಅಳು ಕೇಳಿದ ದಫೇದಾರರು ಆಗಲೇ ಮಂಚದ ಬಳಿ ಟೋಪಿ ತೆಗೆದು ನಿಂತಿದ್ದರು.

“ರೀ, ಅಪ್ಪನಿಗೆ ರಕ್ತ ಹೋಗ್ತಿದೆಯಂತೆ,” ಎಂದಳು ಹೆಂಡತಿ.

“ಹೋಗ್ತಿದೆ ಅಲ್ಲ ಮಗಳೇ, ಹೋಗಾಯ್ತು,” ಎಂದರು ಮಾವ ಕಣ್ಣು ಮುಚ್ಚಿಕೊಂಡೇ. “ಮೊದಲು ಕೆಂಪಗೆ ಬಂತು. ಆಮೇಲೆ ತೆಳು ಗುಲಾಬಿ. ಕೊನೆಗೆ ಬರೀ ನೀರು. ಅಂದ್ರೆ ಒಳಗಿದ್ದಿದ್ದೆಲ್ಲ ಮುಗೀತು ಅಂತ.”

ಕೊಕ್ಕೆರಾಯ ಶಾಯಿಯ ಮಾತು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮಾವ ಅವನ ಕೈ ಹಿಡಿದುಕೊಂಡರು.

“ಅಳಿಯಂದಿರೇ, ಒಂದು ಮಾತು ಹೊಟ್ಟೇಲಿಟ್ಕೊಂಡು ಹೋಗಬಾರದು. ಆ ಕಮೋಡನ್ನ ನಾನು ಬಾಯಿಗೆ ಬಂದ ಹಾಗೆ ಬೈದೆ. ಕೂತ ಮೇಲೆ ಗೊತ್ತಾಯ್ತು, ನನ್ನ ಮಂಡಿಗೆ ಅಷ್ಟು ಸುಖ ಕೊಟ್ಟಿದ್ದು ಇನ್ನೊಂದಿಲ್ಲ. ಬೈದ ಬಾಯಲ್ಲಿ ಹೊಗಳೋಕೆ ನಾಚಿಕೆ. ಅದಕ್ಕೇ ಪ್ರತಿಸಲ ಚಿಲಕ ಹಾಕ್ಕೊಂಡು, ಮಗೂಗೆ ಸ್ನಾನ ಮಾಡಿಸೋ ಹಾಗೆ ಹಿಂದೆ ಮುಂದೆ ನೀರು ಹಾಕಿ ತೊಳೀತಿದ್ದೆ. ನೀವು ಬೇರೆ ಸೋರುತ್ತೆ ಅಂತ ಒದ್ದಾಡ್ತಿದ್ರಿ. ಆ ಸೋರಿದ್ದೂ ತೊಳೆದು ಹೋಗ್ಲಿ ಅಂತ ಇನ್ನೆರಡು ಮಗ್ ಹೆಚ್ಚೇ ಹಾಕಿದೆ.”

ಅದು ರಕ್ತವಲ್ಲ, ಶಾಯಿ, ನಾನೇ ಟ್ಯಾಂಕಿಗೆ ಸುರಿದದ್ದು ಎಂದು ಕೊಕ್ಕೆರಾಯ ಒಂದೇ ಉಸಿರಿನಲ್ಲಿ ಒಪ್ಪಿಕೊಂಡ. ಸೀಸೆ ತೋರಿಸಿ ಎಂದರು ದಫೇದಾರರು. ಕಸದ ಗಾಡಿ ಹೋಗಿಯಾಗಿತ್ತು. ಎಲ್ಲರನ್ನೂ ಕರೆದೊಯ್ದು ಫ್ಲಶ್ ಒತ್ತಿ ತೋರಿಸಿದ. ತಿಳಿ ನೀರು ಗಳಗಳನೆ ಇಳಿಯಿತು.

ದಫೇದಾರರು ಅವನ ಹೆಗಲ ಮೇಲೆ ಕೈಯಿಟ್ಟರು. “ನನ್ನ ಸರ್ವೀಸಲ್ಲಿ ಇಂಥ ಸುಳ್ಳು ತಪ್ಪೊಪ್ಪಿಗೆ ಬೇಕಾದಷ್ಟು ನೋಡಿದ್ದೀನಿ. ಮುದುಕರಿಗೆ ಧೈರ್ಯ ತುಂಬೋಕೆ ಹೇಳಿದ್ರಿ. ದೊಡ್ಡ ಮನಸ್ಸು ನಿಮ್ಮದು.”

ಹೆಂಡತಿ ಒದ್ದೆ ಕಣ್ಣಿನಲ್ಲೇ ಅವನನ್ನು ನೋಡಿದಳು. ಮದುವೆಯಾದ ಹೊಸತರಲ್ಲಿ ಬಿಟ್ಟರೆ ಅವಳು ಹಾಗೆ ನೋಡಿದ್ದೇ ಇಲ್ಲ. ಅಪ್ಪ ಇನ್ನು ಎಲ್ಲಿಗೂ ಹೋಗುವುದು ಬೇಡ, ಕೊನೆತನಕ ನಮ್ಮ ಜೊತೆಯೇ ಇರಲಿ ಎಂದಳು. ಆ ನೋಟದ ಮುಂದೆ ಕೊಕ್ಕೆರಾಯ ತಲೆಯಾಡಿಸಿಬಿಟ್ಟ.

ಆದರೂ ಹುಟ್ಟುಗುಣ. ಮಧ್ಯಾಹ್ನ ಎಲ್ಲರೂ ಮಾವನ ಸುತ್ತ ಕೂತಿದ್ದಾಗ ಅವನಿಗೆ ಮಾವನ ತಪ್ಪೊಪ್ಪಿಗೆಯ ಮೇಲೇ ಅನುಮಾನ ಬಂತು. ಕೆಲವು ಮಗ್ ನೀರಿಗೆ ಓನರಮ್ಮನ ದಿಂಬು ನೆನೆಯುತ್ತದೆಯೇ? ಮುದುಕರು ಇನ್ನೇನನ್ನೋ ಮುಚ್ಚಿಡುತ್ತಿದ್ದಾರೆಯೇ? ಪರೀಕ್ಷಿಸದೆ ನಂಬುವ ಜೀವವಲ್ಲ ಅದು. ಬಕೆಟ್ ತುಂಬಿಸಿ ಕಮೋಡಿನ ಹಿಂದೆ ಸುರಿದ. ನೀರು ಒಂದು ಕ್ಷಣ ನಿಂತು, ನೆಲದ ಸಂದಿಯಲ್ಲಿ ಗುಳುಗುಳು ಎಂದು ಮಾಯವಾಯಿತು. ನೀರು ಕೆಳಗಿಳಿಯುವುದು ನಿಜವೆಂದು ಖುಷಿಯಾಗಿ ಇನ್ನೊಂದು ಬಕೆಟ್ ತುಂಬಿಸಿ ಎತ್ತಿದ.

ಅದು ಇನ್ನೂ ಅರ್ಧ ಗಾಳಿಯಲ್ಲಿದ್ದಾಗ ಹಿಂದೆ ನೆರಳು ಬಿತ್ತು. ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದ ಓನರಮ್ಮ, ಕೂದಲಿಂದ ನೀರು ಇಳಿಸುತ್ತ, ಆಗಲೇ ಕರೆಸಿಟ್ಟಿದ್ದ ಪ್ಲಂಬರನನ್ನು ಜೊತೆಗೆ ಕರೆದುಕೊಂಡು ನಿಂತಿದ್ದರು.

“ಇದಾ ನಿಮ್ಮ ಸೋರಿಕೆ,” ಎಂದರು ಮೆಲ್ಲಗೆ.

ಸದ್ದು ಕೇಳಿ ಮಾವ ಕುಂಟುತ್ತ ಬಂದರು. ಅಳಿಯಂದಿರದೇನೂ ತಪ್ಪಿಲ್ಲ, ಇಷ್ಟು ದಿನ ನೀರು ಹಾಕುತ್ತಿದ್ದವನು ತಾನೇ ಎಂದು ಕೈಮುಗಿದು ಹೇಳಿದರು. ರಕ್ತ ಹೋದ ಸುದ್ದಿಯನ್ನು ದಫೇದಾರರಿಂದ ಆಗಲೇ ಕೇಳಿದ್ದ ಓನರಮ್ಮ ಆ ಮುದಿಮುಖವನ್ನೂ ಕೊಕ್ಕೆರಾಯನ ಕೈಯಲ್ಲಿದ್ದ ಬಕೆಟ್ಟನ್ನೂ ಒಂದೊಂದು ಸಲ ನೋಡಿದರು. ಪ್ಲಂಬರನಿಗೆ ಕಮೋಡು ಕೀಳಲು ಸನ್ನೆ ಮಾಡಿದರು. ಅವನು ಸ್ಪ್ಯಾನರ್ ತೆಗೆದ.

“ಸಾಯೋ ಹೊತ್ತಲ್ಲೂ ಅಳಿಯನ ತಪ್ಪು ಹೊತ್ಕೊಳ್ತಿದ್ದೀರಲ್ಲ, ಯಜಮಾನ್ರೇ. ನಿಮ್ಮಂಥೋರು ಈಗಿನ ಕಾಲಕ್ಕೆ ಎಲ್ಲಿದ್ದಾರೆ? ನೀವು ಯಾವತ್ತು ಬೇಕಾದ್ರೂ ಕೆಳಗೆ ನಮ್ಮನೆಗೆ ಬನ್ನಿ, ನಮ್ಮದೂ ಕಮೋಡೇ. ಮಗಳನ್ನೂ ಕರ್ಕೊಂಡು ಬನ್ನಿ.” ಆಮೇಲೆ ಓನರಮ್ಮ ಕೊಕ್ಕೆರಾಯನ ಕಡೆ ತಿರುಗಿದರು. “ಇವರನ್ನ ಮಾತ್ರ ನಾನು ಒಳಗೆ ಬಿಡಲ್ಲ. ಬಾಗಿಲು ಹಾಕ್ಕೊಂಡು ಏನು ಸುರೀತಾರೋ ಯಾರಿಗೆ ಗೊತ್ತು.”