ಗಗನಮಲ್ಲನ ಹನ್ನೊಂದನೆಯ ದಿನದ ಊಟ

ಗಗನಮಲ್ಲನ ಸಾವಿನ ಫಲವನ್ನು ಉಂಡವನು ಗಗನಮಲ್ಲನಲ್ಲ, ಅವನನ್ನು ಕೊಂದ ಪ್ರಕಾಶಕರೂ ಅಲ್ಲ. ಉಂಡವರು ಕೊಪ್ಪದ ನಮ್ಮ ಮನೆಯಲ್ಲಿರುವ, ಎಂಬತ್ತೊಂದು ವರ್ಷದ ನನ್ನ ಅತ್ತೆ ಭಾಗೀರಥಮ್ಮ. ಅವರ ನಂತರ ನಾನು. ನನ್ನ ನಂತರ ನಮ್ಮ ಬೀದಿಯ ಸಮಸ್ತರು, ಹದಿನೆಂಟು ಲೀಟರ್ ಹಾಲು ಮತ್ತು ನಾನು ಇಪ್ಪತ್ತು ವರ್ಷಗಳಿಂದ ಜತನವಾಗಿ ಕಾಪಾಡಿಕೊಂಡು ಬಂದಿದ್ದ ವೈಚಾರಿಕ ಘನತೆ. ಹಾಲನ್ನಾದರೂ ಮತ್ತೆ ತರಬಹುದು!

ಅನ್ಯಾಯವನ್ನು ಹೆಸರಿಟ್ಟು ಕರೆಯಬೇಕು ಎಂಬುದು ಶೃಂಗೇರಿಯಲ್ಲಿ ಓದುವಾಗ ನಮ್ಮ ಮೇಷ್ಟ್ರು ಕಲಿಸಿದ ಪಾಠ. ಆ ಪಾಠವನ್ನು ನಾನು ಮರೆತಿಲ್ಲ. ಊರಿಗೂ ಮರೆಯಲು ಬಿಟ್ಟಿಲ್ಲ. ಬೀಗ ಹಾಕಿದ ಮಹಿಳಾ ಶೌಚಾಲಯ, ಅಂಗಡಿಗಳು ನುಂಗಿದ ಫುಟ್‌ಪಾತ್, ಸತ್ತವರ ಹೆಸರಿನಲ್ಲಿ ನಡೆಯುವ ದುಂದುವೆಚ್ಚದ ಊಟಗಳು, ಎಲ್ಲವುಗಳ ವಿರುದ್ಧ ಮನವಿಪತ್ರ ಬರೆದಿದ್ದೇನೆ. ಎಲ್ಲಕ್ಕಿಂತ ಮಿಗಿಲಾಗಿ ನಾನು 'ಫ್ಲೆಕ್ಸ್ ಮುಕ್ತ ಕೊಪ್ಪ' ಹೋರಾಟ ಸಮಿತಿಯ ಸಂಚಾಲಕಿ. ನನ್ನ ಗಂಡ ಶ್ರೀಧರ ಕೊಪ್ಪದಲ್ಲಿ ಫ್ಲೆಕ್ಸ್ ಮುದ್ರಿಸುವ ಅಂಗಡಿ ಇಟ್ಟುಕೊಂಡಿದ್ದಾನೆ. ಪ್ರಜಾಪ್ರಭುತ್ವದಲ್ಲಿ ಇಂಥದ್ದೆಲ್ಲ ಇರುತ್ತದೆ.

ಎರಡು ವರ್ಷಗಳ ಹಿಂದೆ ಅತ್ತೆಯವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಹೊಸ ಕನ್ನಡಕ ಬಂದ ಮೇಲೆ ಅವರು ಓದಲೇಬೇಕೆಂದು ನಾನು ನಿರ್ಧರಿಸಿದೆ. ಮಹಿಳೆ ಮತ್ತು ಆಸ್ತಿ ಹಕ್ಕಿನ ಬಗ್ಗೆ ನಾನೇ ಬರೆದ ಕಿರುಹೊತ್ತಗೆಯನ್ನು ಕೊಟ್ಟೆ. ಅದನ್ನು ಅವರು ಉಪ್ಪಿನಕಾಯಿ ಭರಣಿಗೆ ಮುಚ್ಚಳ ಮಾಡಿದರು. ಕೊನೆಗೆ ನರಸಿಂಹರಾಜಪುರದ ಪುಸ್ತಕದಂಗಡಿಯಿಂದ 'ಗಗನಮಲ್ಲ' ಎಂಬ ಮಾಸಿಕ ಕಾಮಿಕ್ಸ್ ತರಿಸಿ, ಹಳೆಯ ಸಂಚಿಕೆಗಳನ್ನೂ ಆದಷ್ಟು ಕೂಡಿಸಿ ಕೊಟ್ಟೆ. ಅಕ್ಷರ ದಪ್ಪ, ವಾಕ್ಯ ಗಿಡ್ಡ, ಪ್ರತಿ ಪುಟದಲ್ಲೂ ಹೊಡೆದಾಟ. ಅತ್ತೆ ಮೂರು ದಿನ ಅಡಿಗೆಮನೆಯ ಕಡೆ ತಲೆ ಹಾಕಲಿಲ್ಲ! ನಲವತ್ತು ವರ್ಷ ಓದನ್ನೇ ಬಿಟ್ಟಿದ್ದ ಹೆಂಗಸೊಬ್ಬಳನ್ನು ಅಕ್ಷರಲೋಕಕ್ಕೆ ಮರಳಿ ತಂದೆನೆಂದು ನಾನು ಎರಡು ಸಭೆಗಳಲ್ಲಿ ಭಾಷಣ ಮಾಡಿದೆ.

ಹೀಗಿರುವಾಗ ಕಪ್ಪು ಮುಖಪುಟದ ಸಂಚಿಕೆಯೊಂದು ಬಂತು. ಭೂಮಿಯ ಮೇಲೆ ಬೀಳುತ್ತಿದ್ದ ಎರಡನೆಯ ಸೂರ್ಯನೊಂದನ್ನು ಗಗನಮಲ್ಲ ಎರಡೂ ಕೈಗಳಿಂದ ತಡೆದು, ಕೊನೆಯ ಪುಟದಲ್ಲಿ ಬೂದಿಯಾಗಿದ್ದ. ಅತ್ತೆ ಪುಸ್ತಕ ಮುಚ್ಚಿದರು. ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟರು. ಎದ್ದು ಹೋಗಿ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಎರಡನೆಯ ಬಾರಿ ತಲೆಗೆ ಸ್ನಾನ ಮಾಡಿ ಬಂದರು.

ಅಂದಿನಿಂದ ಅವರು ಪುಸ್ತಕ ಮುಟ್ಟಲಿಲ್ಲ. ದೇವರ ದೀಪ ಹಚ್ಚಲಿಲ್ಲ. "ನೀನೇ ಹಚ್ಚು ಮಾರಾಯ್ತಿ" ಎಂದು ನನಗೆ ಹೇಳಿದರು. ತುಳಸಿ ಕೊಯ್ಯಲಿಲ್ಲ. ಪಕ್ಕದ ಮನೆಯ ಸತ್ಯನಾರಾಯಣ ಪೂಜೆಗೆ ಕರೆದರೆ ಹೋಗಲಿಲ್ಲ. ಹೋಳಿಗೆ ಬಂದರೆ ತಿನ್ನಲಿಲ್ಲ. ಹೋಳಿಗೆ!

ಹಿರಿಯರ ಮಾನಸಿಕ ಆರೋಗ್ಯದ ಬಗ್ಗೆ ನಾನೇ ಹಂಚಿದ್ದ ಕರಪತ್ರ ಮನೆಯಲ್ಲಿತ್ತು. 'ಮೊದಲು ಇಷ್ಟವಾಗುತ್ತಿದ್ದ ಚಟುವಟಿಕೆಗಳಲ್ಲಿ ನಿರಾಸಕ್ತಿ, ಸಮಾರಂಭಗಳಿಂದ ದೂರವಿರುವುದು, ಸಿಹಿಯನ್ನು ನಿರಾಕರಿಸುವುದು.' ಪ್ರತಿಯೊಂದಕ್ಕೂ ಸರಿ ಗುರುತು ಹಾಕಿದೆ. ಖಿನ್ನತೆ! ಸಂಶಯವೇ ಇರಲಿಲ್ಲ.

"ಅಮ್ಮನಿಗೆ ಎಂತದೂ ಆಗ್ಲಿಲ್ಲ ಮಾರಾಯ್ತಿ. ಸ್ವಲ್ಪ ದಿನ ಸುಮ್ನಿರು, ಸರಿ ಆಗ್ತದೆ" ಎಂದ ಶ್ರೀಧರ.

"ಇದೇ ನಿಮ್ಮ ಗಂಡಸರ ಅನ್ಯಾಯ. ಹೆಣ್ಣಿನ ದುಃಖವನ್ನು 'ಸರಿ ಆಗ್ತದೆ' ಎಂಬ ಎರಡು ಮಾತಿನಲ್ಲಿ ಒರೆಸಿಬಿಡುವುದು."

"ಹಂಗಲ್ಲ ಕಣೆ, ಅದು ಸೂ..."

"ಮಧ್ಯೆ ಬಾಯಿ ಹಾಕುವುದು ಎರಡನೆಯ ಅನ್ಯಾಯ."

ಅವನು ಅಂಗಡಿಗೆ ಹೊರಟ. ಅಂದು ನಾನು ಅವನ ಆ ಒಂದು ಶಬ್ದವನ್ನು ಪೂರ್ತಿಯಾಗಿ ಹೇಳಲು ಬಿಟ್ಟಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ದುಃಖವನ್ನು ಬಚ್ಚಿಡಬಾರದು, ಸಾರ್ವಜನಿಕವಾಗಿ ಗೌರವಿಸಬೇಕು ಎಂಬುದು ನನ್ನ ನಿಲುವು. ಮಂತ್ರವಿಲ್ಲದ, ಆಡಂಬರವಿಲ್ಲದ ಒಂದು ಸಂತಾಪ ಸಭೆ. ಒಂದು ನಿಮಿಷದ ಮೌನ. ಕೊನೆಗೆ ಒಂದು ಲೋಟ ಪಾನಕ. ಯೋಜನೆಯನ್ನು ಅತ್ತೆಯವರ ಮುಂದಿಟ್ಟೆ.

"ಪಾನಕನಾ?" ಎಂದರು ಅತ್ತೆ. "ಸೂರ್ಯನ್ನ ಹಿಡ್ದು ಸತ್ತವನಿಗೆ ಪಾನಕ ಕೊಡ್ತ್ಯನೇ? ಹನ್ನೊಂದನೇ ದಿನ ನಾಕು ಜನಕ್ಕೆ ಪಾಯಸ ಹಾಕದಿದ್ರೆ ಅದು ಎಂತ ಸಾವು?"

ಎಂಟು ದಿನಗಳಲ್ಲಿ ಅವರು ಆಡಿದ ಅತಿ ದೀರ್ಘವಾದ ಮಾತು ಅದು! ರೋಗಿ ಸ್ಪಂದಿಸುತ್ತಿದ್ದಾರೆ. ಸಾವಿನ ಊಟಗಳ ವಿರುದ್ಧ ಮೂರು ಲೇಖನ ಬರೆದಿದ್ದ ನಾನು ಆ ಊಟಕ್ಕೆ 'ಸಾಮೂಹಿಕ ಸ್ಮರಣಾ ಭೋಜನ' ಎಂದು ಹೆಸರಿಟ್ಟು, ಹದಿನೆಂಟು ಲೀಟರ್ ಹಾಲಿಗೆ ಹೇಳಿದೆ. ಹೆಸರು ಬದಲಾದರೆ ಪಾಪ ಅರ್ಧವಾಗುತ್ತದೆ.

ಹತ್ತನೆಯ ದಿನ ಇನ್ನೊಂದು ಪ್ರಗತಿಪರ ಹೆಜ್ಜೆ ಇಟ್ಟೆ. ಕಣ್ಣೆದುರಿಗೇ ಗಗನಮಲ್ಲನ ಪುಸ್ತಕಗಳಿದ್ದರೆ ಅತ್ತೆ ಚೇತರಿಸಿಕೊಳ್ಳುವುದು ಹೇಗೆ? "ಅವನ ನೆನಪನ್ನು ಮುಂದಿನ ಪೀಳಿಗೆಗೆ ದಾಟಿಸೋಣವೇ ಅತ್ತೆ?" ಎಂದು ಕೇಳಿದೆ. ಮಧ್ಯಾಹ್ನದ ನಿದ್ದೆಯಲ್ಲಿದ್ದ ಅವರು "ಹೂಂ" ಎಂದರು. ಒಪ್ಪಿಗೆ ದೊರೆಯಿತು. ತಿಳಿದು ಕೊಡದ ಒಪ್ಪಿಗೆ ಒಪ್ಪಿಗೆಯಲ್ಲ ಎಂದು ಊರಿಗೆಲ್ಲ ಪಾಠ ಹೇಳುವವಳು ನಾನೇ. ಇಡೀ ಕಟ್ಟನ್ನು ಸಂಜೆಯ ಬಸ್ಸಿನಲ್ಲಿ ಕೆರೆಕಟ್ಟೆಯ ಶಾಲೆಯ ಓದುಮನೆಗೆ ಕಳುಹಿಸಿದೆ. ಜೊತೆಗೆ ದಾನಪತ್ರ. ದಾನ ಕೊಟ್ಟವರು ಆಮೇಲೆ ಬಂದು ದಬಾಯಿಸುವ ಅನ್ಯಾಯವನ್ನು ಕಂಡವಳಾದ್ದರಿಂದ ನಾನೇ ಷರತ್ತು ಸೇರಿಸಿದ್ದೆ: 'ದಾನಿಗಳು ಯಾವ ಕಾರಣಕ್ಕೂ ಈ ಪುಸ್ತಕಗಳನ್ನು ಹಿಂದಕ್ಕೆ ಕೇಳತಕ್ಕದ್ದಲ್ಲ.'

ಹನ್ನೊಂದನೆಯ ದಿನ ಬೆಳಿಗ್ಗೆ ಆರಕ್ಕೆ ಫೋನ್ ಬಂತು. ಏಳರ ಹೊತ್ತಿಗೆ ಹದಿಮೂರು ಫೋನ್! ಅಂಗಳದಲ್ಲಿ ಕಟ್ಟಲೆಂದು ಶ್ರೀಧರ ಮುದ್ರಿಸಿದ್ದ ಫ್ಲೆಕ್ಸನ್ನು ಅಂಗಡಿಯ ಕೆಲಸದವರು ರೂಢಿಯಂತೆ ಬಸ್‌ಸ್ಟ್ಯಾಂಡಿನೆದುರು ಕಟ್ಟಿಬಿಟ್ಟಿದ್ದರು. ಹತ್ತಡಿ ಎತ್ತರದ ಗಗನಮಲ್ಲ, ಮುಖವಾಡ ಸಮೇತ, ಕೊರಳಿಗೆ ಹೂವಿನ ಹಾರ. 'ಭಾವಪೂರ್ಣ ಶ್ರದ್ಧಾಂಜಲಿ. ದುಃಖತಪ್ತರು: ಭಾಗೀರಥಮ್ಮ ಮತ್ತು ಕುಟುಂಬ.' ಅದರ ಕೆಳಗೆ ನನ್ನ ಹೆಸರು. ಹೆಸರಿನ ಮುಂದೆ 'ಸಂಚಾಲಕಿ, ಫ್ಲೆಕ್ಸ್ ಮುಕ್ತ ಕೊಪ್ಪ ಹೋರಾಟ ಸಮಿತಿ'.

"ಹುದ್ದೆ ಹಾಕದಿದ್ರೆ ನಿಂಗೆ ಬೇಜಾರಾಗ್ತದೆ ಅಂತ" ಎಂದ ಶ್ರೀಧರ.

ಊಟಕ್ಕೆ ನಲವತ್ತು ಜನರನ್ನು ಎಣಿಸಿದ್ದೆವು. ನೂರು ಮೀರಿತು. ಮೇಗುಂದದಿಂದ ಅತ್ತೆಯ ಅಣ್ಣ ಬಾಳೆಲೆಯ ಕಟ್ಟು ಹೊತ್ತು ಬಂದವರು, ಚಪ್ಪಲಿ ಬಿಡುವ ಮೊದಲೇ ತಂಗಿಯ ಕೈ ಹಿಡಿದುಕೊಂಡರು.

"ಎಷ್ಟು ವರ್ಷ ಆಗಿತ್ತೇ ಭಾಗೀ?"

"ಎಲ್ಲಿ, ಮೂವತ್ತೂ ತುಂಬಿರ್ಲಿಲ್ಲ. ಮದುವೆನೂ ಆಗಿರ್ಲಿಲ್ಲ."

"ಛೆ ಛೆ! ಎಂತ ಆಗಿತ್ತು?"

"ಮೈ ಮೇಲೆ ಸೂರ್ಯ ಬಿದ್ದಿದ್ದು."

ಅಣ್ಣ ತಲೆಯ ಮೇಲಿನ ಆಕಾಶ ನೋಡಿದರು. "ಈಗಿನ ಬಿಸಿಲೇ ಹಂಗೆ" ಎಂದು ಎಲೆ ಹಾಕಲು ಹೋದರು.

ಎದುರು ಮನೆಯ ಅನಂತ ಭಟ್ಟರು ಪೌರೋಹಿತ್ಯದಿಂದ ನಿವೃತ್ತರಾದವರು. "ಗೋತ್ರ ಗೊತ್ತಿಲ್ದವನಿಗೆ ಮಂತ್ರ ಹೇಳುದಿಲ್ಲ ತಂಗಿ. ಊಟಕ್ಕೆ ಗೋತ್ರ ಬೇಡ" ಎಂದು ಮೊದಲ ಪಂಕ್ತಿಯಲ್ಲೇ ಕುಳಿತರು. ನಾನು ಇಪ್ಪತ್ತೈದು ನಿಮಿಷ ಮಾತನಾಡಿದೆ. "ಸಾವು ಅಂತಿಮ. ಸತ್ತವರು ಬರುವುದಿಲ್ಲ. ಇದನ್ನು ಒಪ್ಪಿಕೊಳ್ಳುವುದೇ ವೈಚಾರಿಕತೆಯ ಮೊದಲ ಮೆಟ್ಟಿಲು" ಎಂದು ಮುಗಿಸಿದಾಗ ಕೆಲವರು ಕಣ್ಣೊರೆಸಿಕೊಂಡರು. ಪಾಯಸ ತಣ್ಣಗಾಗುತ್ತಿತ್ತು.

ಅತ್ತೆ ಎರಡು ಸಲ ಪಾಯಸ ಹಾಕಿಸಿಕೊಂಡರು. ಮರುದಿನ ಬೆಳಿಗ್ಗೆ ದೀಪ ಹಚ್ಚಿದರು, ತುಳಸಿ ಕೊಯ್ದರು, ಕನ್ನಡಕ ಹಾಕಿಕೊಂಡು ಕಿಟಕಿಯ ಬಳಿ ಕುಳಿತರು. ನನ್ನ ಎದೆ ಹೆಮ್ಮೆಯಿಂದ ಉಬ್ಬಿತು.

"ಜಯಂತಿ, ಗಗನಮಲ್ಲನ ಪುಸ್ತಕ ಕೊಡು ಮಾರಾಯ್ತಿ. ಮೊದ್ಲಿಂದ ಓದ್ತೆ."

"ಅತ್ತೆ, ಆ ನೋವಿನಿಂದ ಹೊರಗೆ ಬಂದಿದ್ದೀರಲ್ಲ?"

"ಎಂತ ನೋವು?"

"ಮತ್ತೆ ಹತ್ತು ದಿನ ಓದದೆ, ದೀಪ ಹಚ್ಚದೆ, ಹೋಳಿಗೆ ತಿನ್ನದೆ..."

ಅತ್ತೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಸೂತಕ ಅಲ್ದನೇ? ಎರಡು ವರ್ಷ ಮನೆಯಲ್ಲಿ ಇದ್ದವ. ಸೂತಕದಲ್ಲಿ ಯಾರಾದ್ರೂ ಹೋಳಿಗೆ ತಿಂತಾರಾ?"

ಸೂತಕ! ಊರಿನ ಮೂಢನಂಬಿಕೆಗಳನ್ನೆಲ್ಲ ಪಟ್ಟಿ ಮಾಡಿದ್ದ ನನಗೆ ನಮ್ಮ ಮನೆಯೊಳಗಿನ ಒಂದನ್ನು ಗುರುತಿಸಲಾಗಲಿಲ್ಲ. ಶ್ರೀಧರ ಚಾವಣಿ ನೋಡುತ್ತ ನಿಂತಿದ್ದ. "ಅದನ್ನೇ ಹೇಳ್ಳಿಕ್ಕೆ ಹೊರಟಿದ್ದೆ" ಎಂದ.

ಪುಸ್ತಕಗಳು ಎಲ್ಲಿವೆಯೆಂದು ಹೇಳಬೇಕಾಯಿತು. ಅತ್ತೆ ಬೈಯಲಿಲ್ಲ. "ಹೌದಾ" ಎಂದಷ್ಟೇ ಹೇಳಿ, ಕನ್ನಡಕವನ್ನು ತೆಗೆದು ಡಬ್ಬಿಯಲ್ಲಿಟ್ಟರು. ಆ ಡಬ್ಬಿಯ ಮುಚ್ಚಳ 'ಟಕ್' ಎಂದ ಸದ್ದು ನನಗೆ ಇಂದಿಗೂ ಕೇಳಿಸುತ್ತದೆ. ಈ ಸಲದ್ದು ಸೂತಕವಲ್ಲ, ನಿಜವಾದ ಬೇಸರ. ಮಾಡಿದವಳು ನಾನು.

ಮುಂದಿನ ತಿಂಗಳ ಸಂಚಿಕೆ ಬಂತು. ಮುಖಪುಟದಲ್ಲಿ ಗಗನಮಲ್ಲ. ನಗುತ್ತಿದ್ದ. ಬೂದಿಯಾದದ್ದು ಅವನಲ್ಲವಂತೆ, ಅವನ ನೆರಳಂತೆ! ಅವನು ಅಷ್ಟೂ ದಿನ ಹಿಮದ ಗುಹೆಯೊಂದರಲ್ಲಿ ಸುಖವಾಗಿ ಮಲಗಿದ್ದನಂತೆ! ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ, 'ಹೇಗೆಂದು ತಿಳಿಯಲು ನೋಡಿ: ಸಂಚಿಕೆ ಮೂವತ್ತೊಂದು.' ಮೂವತ್ತೊಂದು ಕೆರೆಕಟ್ಟೆಯಲ್ಲಿತ್ತು.

ನರಸಿಂಹರಾಜಪುರದ ಅಂಗಡಿಯವರಿಗೆ ಫೋನ್ ಮಾಡಿ ರೇಗಿದೆ.

"ಸಾಯೋದು ಅವನ ರೂಢಿ ಮೇಡಂ" ಎಂದರು ಅವರು ಸಮಾಧಾನವಾಗಿ. "ಇದು ನಾಕನೇ ಸಲ. ಹಿಂದಿನ ಮೂರು ಸಾವಿನ ಸಂಚಿಕೆ ಖಾಲಿಯಾಗಿತ್ತು, ನಿಮ್ಗೆ ಕಳಿಸ್ಲಿಕ್ಕಾಗ್ಲಿಲ್ಲ. ವ್ಯಾಪಾರ ಇಳಿದಾಗೆಲ್ಲ ಸಾಯ್ತಾನೆ. ನಿಮ್ಗೆ ಗೊತ್ತಿರ್ಲಿಲ್ವಾ?"

ಸಂಚಿಕೆಯನ್ನು ಅಡಗಿಸಿಡಬೇಕೆಂದು ಚೀಲಕ್ಕೆ ಹಾಕುವಷ್ಟರಲ್ಲಿ ಅನಂತ ಭಟ್ಟರು ತಮ್ಮದೇ ಪ್ರತಿಯನ್ನು ಬೀಸುತ್ತ ಓಡಿ ಬಂದರು. ಸಂತಾಪ ಸಭೆಯ ನಂತರ ಇಡೀ ಬೀದಿಯೇ ಚಂದಾ ಕಟ್ಟಿತ್ತು!

"ಭಾಗೀರಥಮ್ಮ, ಬಂದ ಕಣ್ರೀ! ಆದ್ರೆ ಹಂಗೇ ಒಳಗೆ ಕರ್ಕೊಳ್ಳೂ ಹಾಗಿಲ್ಲ. ಕರ್ಮ ಮುಗಿಸಿದ ಮೇಲೆ ತಿರುಗಿ ಬಂದವನಿಗೆ ಶಾಸ್ತ್ರದಲ್ಲಿ ದಾರಿ ಉಂಟು. ತುಪ್ಪದಲ್ಲಿ ಮೀಯಿಸಿ, ಹೊಸದಾಗಿ ಹುಟ್ಟಿದ ಹಾಗೆ ಜಾತಕರ್ಮ, ನಾಮಕರಣ, ಎಲ್ಲ ಮತ್ತೆ ಆಗ್ಬೇಕು. ಮದುವೆ ಆಗಿದ್ದವ ಆದ್ರೆ ಅದೇ ಹೆಂಡ್ತಿನ ಇನ್ನೊಂದ್ ಸಲ ಮದುವೆ ಆಗ್ಬೇಕು."

ಶ್ರೀಧರ ಗಂಭೀರನಾದ. "ಅದೇ ಹೆಂಡ್ತಿನೇ ಆಗ್ಬೇಕಾ ಭಟ್ರೇ?"

ಅತ್ತೆ ನಕ್ಕರು. ನಕ್ಕು, ಡಬ್ಬಿಯತ್ತ ಕೈ ಚಾಚಿ, ಅರ್ಧದಲ್ಲೇ ನಿಲ್ಲಿಸಿದರು. "ಮೂವತ್ತೊಂದು ಇಲ್ದೆ ಎಂತ ಓದೂದು?"

ಆ ಶನಿವಾರ ಬೆಳಗಿನ ಬಸ್ಸಿನಲ್ಲಿ ಅತ್ತೆಯವರನ್ನು ಕೂರಿಸಿಕೊಂಡು ಕೆರೆಕಟ್ಟೆಗೆ ಹೋದೆ. ಓದುಮನೆಯ ಟೀಚರ್ ನನ್ನ ದಾನಪತ್ರವನ್ನು ತೆಗೆದು, ನನ್ನ ಷರತ್ತನ್ನು ನನಗೇ ಗಟ್ಟಿಯಾಗಿ ಓದಿ ಹೇಳಿದರು. ನನ್ನ ಭಾಷೆ ಬಹಳ ಖಚಿತವಾಗಿತ್ತು. ನುಸುಳಲು ಎಲ್ಲಿಯೂ ಸಂದು ಇರಲಿಲ್ಲ.

"ಕೊಡ್ಳಿಕ್ಕಾಗುದಿಲ್ಲ. ಆದ್ರೆ ಅಜ್ಜಿ ಇಲ್ಲೇ ಕೂತು ಓದಬಹುದಲ್ಲ?" ಎಂದರು ಟೀಚರ್.

ಅತ್ತೆ ಬೆಂಚಿನ ಮೇಲೆ ಕುಳಿತು ಮೂವತ್ತೊಂದನ್ನು ಗಟ್ಟಿಯಾಗಿ ಓದತೊಡಗಿದರು. ಮಕ್ಕಳು ಸುತ್ತ ಸೇರಿದರು. ರಾಕ್ಷಸನ ಮಾತಿಗೆ ಅತ್ತೆ ನನ್ನ ಭಾಷಣದ ಧ್ವನಿಯನ್ನು ಬಳಸಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಅಂದಿನಿಂದ ಪ್ರತಿ ಶನಿವಾರವೂ ನಾವು ನಮ್ಮದೇ ಪುಸ್ತಕ ಓದಲು ಬಸ್ ಹತ್ತಿ ಹೋಗುತ್ತೇವೆ. ನಾನು ಚೀಲ ಹಿಡಿದುಕೊಳ್ಳುತ್ತೇನೆ. ಸತ್ಯ ಹೇಳಬೇಕೆಂದರೆ, ವಾರದ ಬೇರೆ ಯಾವ ಹೋರಾಟವೂ ನನಗೆ ಇಷ್ಟು ಖುಷಿ ಕೊಟ್ಟಿಲ್ಲ.

ಹಾಗೆಂದು ತಪ್ಪಿತಸ್ಥರನ್ನು ಬಿಡಲಾಗುವುದಿಲ್ಲ. 'ಗಗನಮಲ್ಲ' ಮಾಸಿಕದ ಪ್ರಕಾಶಕರೇ, ಮುಂದೆ ನೀವು ಅವನನ್ನು ಕೊಲ್ಲುವ ಸಂಚಿಕೆಯ ಮುಖಪುಟದಲ್ಲಿ 'ಈ ಸಾವು ತಾತ್ಕಾಲಿಕ' ಎಂದು, ನನ್ನ ಅತ್ತೆಗೆ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಮುದ್ರಿಸತಕ್ಕದ್ದು. ಅದಕ್ಕೂ ಮೊದಲು, ಬರುವ ತಿಂಗಳ ಮೊದಲ ಭಾನುವಾರ ನಮ್ಮ ಮನೆಯಲ್ಲಿ ನಡೆಯುವ ಗಗನಮಲ್ಲನ ಪುನರ್ ನಾಮಕರಣಕ್ಕೆ ಸೋದರಮಾವನ ಸ್ಥಾನದಲ್ಲಿ ನೀವು ಖುದ್ದಾಗಿ ಹಾಜರಾಗತಕ್ಕದ್ದು. ಸೋದರಮಾವ ತರುವ ರೂಢಿಯಂತೆ, ಆರಡಿ ಎಂಟಂಗುಲದ ಮಗುವಿಗೆ ಹೊಂದುವ ಹೊಸ ಬಟ್ಟೆಯನ್ನೂ ತರತಕ್ಕದ್ದು.

ವಿಳಾಸ ಕೇಳಬೇಕಾಗಿಲ್ಲ. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ತಲೆ ಎತ್ತಿದರೆ ಸಾಕು, ಹೊಸ ಫ್ಲೆಕ್ಸ್ ಕಾಣುತ್ತದೆ. ಈ ಸಲ ಇಪ್ಪತ್ತಡಿ. ಕೆಳಗೆ ನನ್ನ ಹೆಸರು, ಹುದ್ದೆ ಸಮೇತ.