ನನ್ನ ದೆವ್ವಕ್ಕೆ ಯಾರೂ ಹೆದರಲಿಲ್ಲ

ಸತ್ತವರನ್ನು ಚೆಂದ ಕಾಣಿಸುವುದು ನನ್ನ ಕಸುಬು. ಬೇರೇನೋ ಅಂದುಕೊಳ್ಳಬೇಡಿ, ಶಿಕಾರಿಪುರದಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಮೊಬೈಲು ಬಂದಮೇಲೆ ಬದುಕಿರುವವರಿಗೆ ನನ್ನ ಅಗತ್ಯ ಅಷ್ಟಾಗಿ ಉಳಿದಿಲ್ಲ. ಮನೆಯ ಹಿರಿಯರು ತೀರಿಕೊಂಡಾಗ, ಗೋಡೆಗೆ ಹಾಕಿ ಹಾರ ತೊಡಿಸಲು ದೊಡ್ಡ ಫೋಟೊ ಬೇಕೆಂದು, ಆಧಾರ್ ಕಾರ್ಡನ್ನೋ ಯಾರದೋ ಮದುವೆಯ ಗುಂಪಿನ ಫೋಟೊವನ್ನೋ ಹಿಡಿದುಕೊಂಡು ಜನ ಬರುತ್ತಾರೆ. ನಾನು ಕಂಪ್ಯೂಟರಿನಲ್ಲಿ ಅವರ ಸುಕ್ಕು ಅಳಿಸುತ್ತೇನೆ, ಮುಖ ಬೆಳ್ಳಗೆ ಮಾಡುತ್ತೇನೆ, ಜನ್ಮದಲ್ಲಿ ಕೋಟು ಮುಟ್ಟದವರಿಗೆ ಕೋಟು ತೊಡಿಸುತ್ತೇನೆ. ಇಪ್ಪತ್ತೈದು ವರ್ಷದಲ್ಲಿ ಒಬ್ಬರೂ ದೂರಿದ್ದಿಲ್ಲ ಎಂಬುದು ನನ್ನ ಹೆಮ್ಮೆ.

ಆ ಹೆಮ್ಮೆಯೇ ನನ್ನನ್ನು ಹಾಳು ಮಾಡಿತು. ಬಂದಳಿಕೆ ಕಡೆಯ ನಾಗಪ್ಪ ಮೆಕ್ಕೆಜೋಳ ಬೆಳೆಯುತ್ತಾನೆ, ಬಿಡುವಾದಾಗ ನಾಟಕ ಬರೆದು ಊರವರಿಂದ ಆಡಿಸುತ್ತಾನೆ. ಅವನ ಹೊಸ ನಾಟಕದಲ್ಲಿ, ಹೊಲದ ಪಹಣಿಯಿಂದ ಹೆಸರು ತೆಗೆದುಹಾಕಿದ್ದಕ್ಕೆ ಕೊರಗಿ ಸತ್ತ ಮುದುಕಿಯೊಬ್ಬಳು ಮೂರನೇ ಅಂಕದಲ್ಲಿ ದೆವ್ವವಾಗಿ ಹಿಂದಿನ ಪರದೆಯ ಮೇಲೆ ಕಾಣಿಸಿಕೊಳ್ಳಬೇಕಂತೆ. ಹೋದ ವರ್ಷ ಅವನ ನಾಟಕದ ಸಾವಿನ ದೃಶ್ಯಕ್ಕೆ ಜನ ಬಿದ್ದು ಬಿದ್ದು ನಕ್ಕಿದ್ದರು. ಈ ಸಲವೂ ನಕ್ಕರೆ ಬರೆಯುವುದನ್ನೇ ಬಿಟ್ಟುಬಿಡುತ್ತೇನೆ ಎಂದು ಅವನು ಕಣ್ಣು ತುಂಬಿಕೊಂಡ. ಅದೇನು ಮಹಾ, ಹದಿನೈದು ದಿನ ಕೊಡು, ಜನ ಎದ್ದು ಓಡುವಂಥ ದೆವ್ವ ಕೊಡುತ್ತೇನೆ ಎಂದುಬಿಟ್ಟೆ.

ಕಂಪ್ಯೂಟರಿನಲ್ಲೇ ಮನುಷ್ಯರ ಬೊಂಬೆ ತಿದ್ದುವ ಸಾಫ್ಟ್‌ವೇರ್ ಒಂದಿದೆ. ಬೊಂಬೆ ಅದರಲ್ಲೇ ಸಿಗುತ್ತದೆ. ಕೈಕಾಲು ತಿರುಗಿಸಿ, ಬಟ್ಟೆ ಹಾಕಿ, ಬೆಳಕು ಬಿಟ್ಟರೆ ಭಯಾನಕ ದೃಶ್ಯ ತಯಾರು ಎಂದು ವಿಡಿಯೊದಲ್ಲಿ ಪಾಠ ಹೇಳುವ ಪುಣ್ಯಾತ್ಮ ಹೇಳಿದ. ಎರಡು ಮಾತಿಗೊಮ್ಮೆ ‘ತುಂಬಾ ಸುಲಭ’ ಎನ್ನುತ್ತಿದ್ದ. ಅವನ ಬೊಂಬೆ ಬಾವಿಯಿಂದ ತೆವಳಿಕೊಂಡು ಮೇಲೆ ಬರುತ್ತಿತ್ತು. ನನ್ನದು ಸೊರಬದ ಬಸ್ಸನ್ನು ಅಡ್ಡಹಾಕುವವರಂತೆ ಎರಡೂ ತೋಳು ಚಾಚಿ ನಿಂತಿತ್ತು. ಕುತ್ತಿಗೆ ತಿರುಗಿಸಲು ಹೋದರೆ ಮೊಣಕೈ ಹೊಟ್ಟೆಯೊಳಗೆ ಹೊಕ್ಕಿತು. ಕೂದಲು ಹಾಕಿ ನಡೆಸಿದರೆ ಕೂದಲು ಇದ್ದಲ್ಲೇ ಉಳಿದು ತಲೆಯೊಂದೇ ಮುಂದೆ ಹೊರಟುಹೋಯಿತು. ಸೀರೆ ಹುಡುಕಿದೆ. ಆ ಸಾಫ್ಟ್‌ವೇರ್ ಮಾಡಿದವರಿಗೆ ಸೀರೆಯ ಸುದ್ದಿಯೇ ಗೊತ್ತಿದ್ದಂತಿರಲಿಲ್ಲ, ಹಾಗಾಗಿ ಹೊದಿಕೆಯಂಥದ್ದೇನನ್ನೋ ಸುತ್ತಿದೆ. ಸುಲಭವಂತೆ, ಅವನ ತಲೆ.

ವಾರ ಕಳೆದ ಮೇಲೆ ಬೊಂಬೆಯ ಕೈ ಹಿಡಿತಕ್ಕೆ ಬಂತು, ನನ್ನ ಕೈ ಬರಲಿಲ್ಲ. ಮುಖಕ್ಕೆ ನೆರಳು ಬೀಳಿಸಬೇಕು ಎಂದು ಪಾಠದಲ್ಲಿ ಹೇಳಿದರೆ ನನ್ನ ಬೆರಳು ತಾನಾಗಿ ಬೆಳಕು ಹೆಚ್ಚಿಸುತ್ತಿತ್ತು. ಕೂದಲು ಕೆದರಲಿ ಎಂದರೆ, ಪಾಸ್‌ಪೋರ್ಟ್ ಫೋಟೊದ ಅಭ್ಯಾಸಕ್ಕೆ ಕಿವಿ ಎರಡೂ ಕಾಣುವಂತೆ ಹಿಂದಕ್ಕೆ ಸರಿಸುತ್ತಿದ್ದೆ. ಇನ್ನು ನನ್ನ ಹೆಂಡತಿ ಸುಮಿತ್ರೆ. ಸೊರಬದವಳು, ಅಂಗಡಿಯಲ್ಲಿ ಜೊತೆಗೇ ಕೂರುತ್ತಾಳೆ, ನನ್ನ ಹೆಗಲ ಮೇಲಿಂದ ನೋಡಿಯೇ ನನಗಿಂತ ಬೇಗ ಕಲಿತಳು. ಕಲಿತದ್ದನ್ನೆಲ್ಲ ದೆವ್ವದ ಉಪಚಾರಕ್ಕೆ ಬಳಸಿದಳು. “ಅಷ್ಟು ಜನರ ಎದುರು ಬರೋದಲ್ದ ಮಾರಾಯ್ರೆ, ಸೆರಗಾದ್ರೂ ಸರಿ ಇರ್ಲಿ” ಎಂದು ಹೊದಿಕೆಯನ್ನು ನೆರಿಗೆ ಹಿಡಿದು ಸೀರೆಯೇ ಮಾಡಿದಳು. ನಾನು ಟೀ ಕುಡಿದು ಬರುವಷ್ಟರಲ್ಲಿ ದೆವ್ವಕ್ಕೆ ತುರುಬು ಕಟ್ಟಿ ಆಗಿತ್ತು. ಸಿಟ್ಟು ನೆತ್ತಿಗೇರಿ ಕೂಗಾಡಿದೆ. ತುರುಬು ಬಿಚ್ಚಿ ನೋಡಿದರೆ ತುರುಬೇ ಚೆನ್ನಾಗಿತ್ತೆನಿಸಿ ಮತ್ತೆ ಕಟ್ಟಿದೆ.

ಹೇಳಿದ ದಿನ ಬೆಳಿಗ್ಗೆ ನಾಗಪ್ಪ ಬಂದ. ಪರದೆಯ ಮೇಲೆ ಕೈ ಮುಗಿಯಬೇಕೆನಿಸುವಂಥ ಅಜ್ಜಿಯೊಬ್ಬಳು ಮುಗುಳ್ನಗುತ್ತಿದ್ದಳು. ನಾನು ಕರೆಂಟಿನ ಮೇಲೆ, ಕಂಪ್ಯೂಟರಿನ ಮೇಲೆ, ಸುಮಿತ್ರೆಯ ಮೇಲೆ ತಪ್ಪು ಹೊರಿಸಲು ಸಿದ್ಧನಾಗಿ ನಿಂತಿದ್ದೆ. ಅವನು ನಗಲಿಲ್ಲ, ಬೈಯಲಿಲ್ಲ. ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

“ನಮ್ಮವ್ವಂದು ಒಂದೂ ಫೋಟೊ ಇಲ್ಲ ಸಾರ್. ಈ ಮುಖ ಸ್ವಲ್ಪ ಹಂಗೇ ಐತಿ. ಆದ್ರೆ ನಮ್ಮವ್ವ ಇಷ್ಟು ಬೆಳ್ಳಗಿರ್ಲಿಲ್ಲ.”

ಇದನ್ನೇ ತಿದ್ದಿ ಅವ್ವನ ಫೋಟೊ ಮಾಡಿಕೊಡಿ ಎಂದ. ಹಾಗಾದರೆ ನಾಟಕದ ದೆವ್ವದ ಗತಿಯೇನು ಎಂದು ಸುಮಿತ್ರೆ ಕೇಳಿದಳು. ದೀಪ ಆರಿಸಿ ಯಾರಾದರೂ ಕಿರುಚಿದರಾಯಿತು ಎಂದವನು ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತ. ಬಣ್ಣ ಕಪ್ಪಾಗಲಿ, ಇನ್ನೂ ಕಪ್ಪಾಗಲಿ ಎಂದ. ಕೆನ್ನೆ ಒಳಗೆ ಹೋಗಬೇಕು, ಹಣೆ ತುಂಬ ಗೆರೆ ಬೇಕು. ಮುಂದಿನ ಒಂದು ಹಲ್ಲು ಇರಲಿಲ್ಲ. ಕಳೆ ಕೀಳುವ ಕೆಲಸದಲ್ಲಿ ಕೂದಲು ಎಂದೂ ತುರುಬಿನಲ್ಲಿ ನಿಲ್ಲುತ್ತಿರಲಿಲ್ಲ. ವಿಡಿಯೊದವನು ಬಡಕೊಂಡರೂ ಬಾರದ ವಿದ್ಯೆಯೆಲ್ಲ ಇವನ ಮಾತಿಗೆ ಸರಸರ ಬಂತು. ತಿದ್ದುತ್ತಾ ಹೋದಂತೆ ಬೊಂಬೆ ಹೋಗಿ ಯಾರೋ ಒಬ್ಬಳು ಬಂದು ಕೂತಳು. ನಾಗಪ್ಪ “ಇವ್ಳೇ” ಎಂದು ಟವೆಲಿನಿಂದ ಮುಖ ಒರೆಸಿಕೊಂಡ. ಸುಮಿತ್ರೆ ಕುರ್ಚಿಯಿಂದ ಎದ್ದು ನಿಂತಳು.

ಹೆದರಿಕೆಯಾದದ್ದು ನನಗೊಬ್ಬನಿಗೆ ಮಾತ್ರ. ನಾನು ಮುಖಕ್ಕೆ ಸುಣ್ಣ ಬಳಿದು ಕಳಿಸಿದ ಅಷ್ಟೂ ಸತ್ತವರ ಮನೆಗಳಲ್ಲಿ, ಮಕ್ಕಳು ಯಾರೋ ಅಪರಿಚಿತರಿಗೆ ಊದುಬತ್ತಿ ಹಚ್ಚುತ್ತಿದ್ದಾರಲ್ಲ ಎನಿಸಿತು. ಪ್ರಿಂಟ್ ಕೊಡುವ ಮೊದಲು ನನ್ನ ಬೆರಳು ಅಭ್ಯಾಸಬಲದಿಂದ ಬೆಳಕು ಹೆಚ್ಚಿಸಲು ಹೋಯಿತು. ಮುದುಕಿ ನನ್ನನ್ನೇ ನೋಡುತ್ತಿದ್ದಳು. ಪ್ರಿಂಟ್ ನೀನೇ ತೆಗಿ ಎಂದು ಸುಮಿತ್ರೆಗೆ ಹೇಳಿ, ಆಗಷ್ಟೇ ಟೀ ಕುಡಿದಿದ್ದವನು ಮತ್ತೆ ಟೀ ಕುಡಿಯಲು ಹೊರಗೆ ಹೋದೆ.